ಹನ್ನೆರಡು ಪದ ಯಾರಿಗೂ ಹೇಳಬೇಡಿ

ಪ್ರಶ್ನೆ: ಮೇಡಂ, ನಾನು ಸೋಮವಾರಪೇಟೆ ಕಡೆಯ ಸಣ್ಣ ಬೆಳೆಗಾರ. ಕಾಳುಮೆಣಸು ಮಾರಿದ ದುಡ್ಡಲ್ಲಿ ಸ್ವಲ್ಪ ಬಿಟ್‌ಕಾಯಿನ್ ಕೊಂಡಿದ್ದೆ. ಬಿಟ್‌ಕಾಯಿನ್ ಕೊಳ್ಳುವ-ಮಾರುವ ಎಕ್ಸ್‌ಚೇಂಜ್ ಆದ ವಜೀರ್‌ಎಕ್ಸ್‌ನಲ್ಲಿ ಕಳವಾದ ಸುದ್ದಿ ಓದಿ ಹೆದರಿ, ಅರ್ಧ ಭಾಗವನ್ನು ಎಕ್ಸ್‌ಚೇಂಜ್‌ನಿಂದ ನನ್ನದೇ ವ್ಯಾಲೆಟ್‌ಗೆ ಹಾಕಿಕೊಂಡೆ. ಆ ವ್ಯಾಲೆಟ್ ಕೊಟ್ಟ 12 ಪದಗಳ ಫೋಟೋ ಮೊಬೈಲ್‌ನಲ್ಲೇ ಇತ್ತು. ಕಳೆದ ತಿಂಗಳು ವ್ಯಾಲೆಟ್ ತೆರೆಯಲಿಲ್ಲ. ಒಂದು ಚಾಟ್ ಗುಂಪಿನಲ್ಲಿ ಕೇಳಿದಾಗ ‘ಸಪೋರ್ಟ್’ ಎಂದುಕೊಂಡು ಬಂದವನು ಲಿಂಕ್ ಕಳಿಸಿ ಆ ಪದಗಳನ್ನು ಹಾಕಿಸಿದ. ಬೆಳಗಾಗುವಷ್ಟರಲ್ಲಿ ಎಲ್ಲ ಖಾಲಿ. ಈಗ ಇನ್ನೊಬ್ಬ, ಮುಂಗಡ ಕೊಟ್ಟರೆ ವಾಪಸ್ ತರಿಸುತ್ತೇನೆ ಅನ್ನುತ್ತಿದ್ದಾನೆ. ಕೊಡಲಾ? ಎಕ್ಸ್‌ಚೇಂಜ್‌ನಲ್ಲಿ ಉಳಿದಿರುವುದನ್ನು ಹೇಗೆ ಕಾಪಾಡಲಿ? ಹೆಂಡತಿಗೆ ಇನ್ನೂ ಹೇಳಿಲ್ಲ.

ಉತ್ತರ: ಕೊಡಬೇಡಿ. ಒಂದು ರೂಪಾಯಿಯನ್ನೂ ಕೊಡಬೇಡಿ. ದುಡ್ಡು ಕಳೆದುಕೊಂಡವರನ್ನೇ ಹುಡುಕಿಕೊಂಡು ಬರುವವರು ಇವರು. ಎಷ್ಟೋ ಸಲ ಮೊದಲು ದೋಚಿದ ಗುಂಪಿನವರೇ ಆಗಿರುತ್ತಾರೆ. ಬಿಟ್‌ಕಾಯಿನ್ ಒಮ್ಮೆ ಹೋಯಿತೆಂದರೆ ಬ್ಯಾಂಕಿನ ಹಾಗೆ ವ್ಯವಹಾರ ರದ್ದು ಮಾಡಿಸಲು ಬರುವುದಿಲ್ಲ. ಆದರೆ ಕಳ್ಳ ಅದನ್ನು ಯಾವುದಾದರೂ ಎಕ್ಸ್‌ಚೇಂಜ್‌ಗೆ ತಂದರೆ ಪೊಲೀಸರು ತಡೆಹಿಡಿಸಬಹುದು. ಹಾಗಾಗಿ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸೈಬರ್ ಅಪರಾಧ ನೋಡಿಕೊಳ್ಳುವ ಮಡಿಕೇರಿಯ ಸೆನ್ ಠಾಣೆಗೂ ದೂರು ಕೊಡಿ. ಹಣ ಹೋದ ವ್ಯವಹಾರದ ಐಡಿ, ಕಳ್ಳನ ವ್ಯಾಲೆಟ್ ವಿಳಾಸ, ಚಾಟ್‌ನ ಸ್ಕ್ರೀನ್‌ಶಾಟ್ ಜೊತೆಗಿರಲಿ. ಸಿಕ್ಕೇ ಸಿಗುತ್ತದೆ ಅಂತ ನಾನು ಸುಮ್ನೆ ಆಸೆ ಹುಟ್ಟಿಸುವುದಿಲ್ಲ.

2024ರ ಜುಲೈ 18ರಂದು ವಜೀರ್‌ಎಕ್ಸ್‌ನಲ್ಲಿ ಸುಮಾರು 2,000 ಕೋಟಿ ರೂಪಾಯಿಯಷ್ಟು ಹೋಯಿತು. ನೀವು ಹೆದರಿದ್ದು ಸರಿಯೇ. ಆದರೆ ಸ್ವಂತ ವ್ಯಾಲೆಟ್ ಅಂದರೆ ಕಾವಲೂ ಸ್ವಂತದ್ದೇ, ಅಲ್ವಾ? ಆ ಪದಗಳೇ ನಿಮ್ಮ ದುಡ್ಡು. 2,048 ಇಂಗ್ಲಿಷ್ ಪದಗಳ ಪಟ್ಟಿಯಿಂದ ಆರಿಸಿದ 12 ಪದ, ಅದೇ ಕ್ರಮದಲ್ಲಿ ಯಾರು ಹಾಕಿದರೂ ಅವರೇ ಮಾಲೀಕರು. ನಿಜವಾದ ಕಂಪನಿಯವರು ಅವನ್ನು ಎಂದೂ ಕೇಳುವುದಿಲ್ಲ. ಮೊಬೈಲ್‌ನಲ್ಲಿ ಫೋಟೋ ಇಡುವುದೂ ಅಪಾಯವೇ. ಗ್ಯಾಲರಿಯ ಚಿತ್ರಗಳಲ್ಲಿರುವ ಅಕ್ಷರ ಓದಿ ಇಂಥ ಪದಗಳನ್ನೇ ಕದಿಯುವ ‘ಸ್ಪಾರ್ಕ್‌ಕ್ಯಾಟ್’ ಎಂಬ ಕಳ್ಳ ಪ್ರೋಗ್ರಾಂ, ಪ್ಲೇ ಸ್ಟೋರ್ ಮತ್ತು ಆಪಲ್‌ನ ಆಪ್ ಸ್ಟೋರ್‌ನ ಆಪ್‌ಗಳಲ್ಲೇ ಅಡಗಿದ್ದದ್ದು 2025ರಲ್ಲಿ ಬಯಲಾಯಿತು.

ಮುಂದೆ ಮತ್ತೆ ಸ್ವಂತ ವ್ಯಾಲೆಟ್ ಬೇಕೆಂದರೆ ಹಳೆಯದಕ್ಕೆ ಒಂದು ಪೈಸೆಯನ್ನೂ ಹಾಕಬೇಡಿ. ಹೊಸ ವ್ಯಾಲೆಟ್, ಹೊಸ ಪದ. ಮೊತ್ತ ಜಾಸ್ತಿ ಇದ್ದರೆ ಹಾರ್ಡ್‌ವೇರ್ ವ್ಯಾಲೆಟ್ (ಕೀಲಿಯನ್ನು ಮೊಬೈಲ್‌ನಿಂದ ಹೊರಗೆ ಇಡುವ ಪುಟ್ಟ ಸಾಧನ) ಕೊಳ್ಳಿ, ಅದನ್ನು ತಯಾರಿಸಿದ ಕಂಪನಿಯಿಂದಲೇ ತರಿಸಿ. ಪೆಟ್ಟಿಗೆಯೊಳಗೆ ಮೊದಲೇ ಪದ ಬರೆದಿಟ್ಟ ಚೀಟಿ ಇದ್ದರೆ ಅದು ಮೋಸ, ಬಳಸಲೇಬೇಡಿ.

ಪದಗಳನ್ನು ಎಲ್ಲಿ ಬರೆಯುವುದು ಎಂಬುದು ನಮ್ಮ ಕೊಡಗಿನಲ್ಲಿ ದೊಡ್ಡ ಪ್ರಶ್ನೆ. ಕಕ್ಕಡ ತಿಂಗಳ ಮಳೆಯಲ್ಲಿ ಬೀರುವಿನೊಳಗಿನ ಸೀರೆಗೇ ಬೂಷ್ಟು ಹಿಡಿಯುತ್ತದೆ, ಕಾಗದದ ಚೀಟಿ ಎಷ್ಟು ವರ್ಷ ಬಾಳೀತು? ಹಾರ್ಡ್‌ವೇರ್ ಅಂಗಡಿಯಲ್ಲಿ ಅಕ್ಷರ ಕುಟ್ಟುವ ಪಂಚ್ ಸೆಟ್ ಸಿಗುತ್ತದೆ. ಒಂದು ಲೋಹದ ತಗಡು ತಂದು, ಬಾಗಿಲು ಹಾಕಿಕೊಂಡು ನೀವೇ ಕುಟ್ಟಿ. ಪಾತ್ರೆಗೆ ಹೆಸರು ಹಾಕುವವರ ಹತ್ತಿರ ಮಾತ್ರ ಹಾಕಿಸಬೇಡಿ. ಇಡೀ ಪದ ಕುಟ್ಟುವ ಕಷ್ಟವೂ ಇಲ್ಲ, ಮೊದಲ ನಾಲ್ಕು ಅಕ್ಷರ ಸಾಕು. ಆ ಪಟ್ಟಿಯಲ್ಲಿ ಯಾವ ಎರಡು ಪದಕ್ಕೂ ಮೊದಲ ನಾಲ್ಕು ಅಕ್ಷರ ಒಂದೇ ಆಗಿರುವುದಿಲ್ಲ. ಪಕ್ಕದಲ್ಲಿ 1ರಿಂದ 12ರವರೆಗೆ ಕ್ರಮಸಂಖ್ಯೆ ಇರಲಿ.

ಇಂಥ ತಗಡು ಎರಡು ಮಾಡಿ. ಒಂದು ಮನೆಯಲ್ಲಿ, ಇನ್ನೊಂದು ದೂರದಲ್ಲಿ. ಮೈಸೂರಿನ ಬ್ಯಾಂಕ್ ಲಾಕರ್ ಆದರೂ ಸರಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಮಕ್ಕಂದೂರು ಕಡೆಯವರು ಉಟ್ಟ ಬಟ್ಟೆಯಲ್ಲೇ ಬಂದದ್ದು ನಮಗೆಲ್ಲ ನೆನಪಿದೆ. ಮನೆ ಜೊತೆ ಕಾಗದಪತ್ರವೂ ಮಣ್ಣಿನಡಿ ಹೋಯಿತು. ಆರ್‌ಟಿಸಿ, ಮಾರ್ಕ್ಸ್‌ಕಾರ್ಡ್ ಹೋದರೆ ಅರ್ಜಿ ಹಾಕಿ ನಕಲು ತರಬಹುದು. 12 ಪದಕ್ಕೆ ನಕಲು ಕೊಡುವ ಕಚೇರಿ ಪ್ರಪಂಚದಲ್ಲೇ ಇಲ್ಲ. ಆರು ಪದ ಇಲ್ಲಿ, ಆರು ಅಲ್ಲಿ ಎಂದು ಹಂಚಿಡುವುದೂ ಬೇಡ. ಒಂದು ಹೋದರೆ ಎರಡೂ ಹೋದ ಹಾಗೆ.

ಹೊಸ ವ್ಯಾಲೆಟ್‌ಗೆ ಮೊದಲು ಚಿಲ್ಲರೆ ಮೊತ್ತ ಹಾಕಿ. ಆಮೇಲೆ ವ್ಯಾಲೆಟ್ ಅಳಿಸಿ, ತಗಡು ನೋಡಿಕೊಂಡು ಅದೇ ಸಾಧನದಲ್ಲಿ ಮತ್ತೆ ತೆರೆಯಿರಿ. ದುಡ್ಡು ಕಾಣಿಸಿದರೆ ಮಾತ್ರ ಉಳಿದದ್ದನ್ನು ಹಾಕಿ.

ಎಕ್ಸ್‌ಚೇಂಜ್ ಖಾತೆಗೂ ಅದರ ಇಮೇಲ್‌ಗೂ ಬೇರೆ ಬೇರೆ ಪಾಸ್‌ವರ್ಡ್ ಹಾಕಿ. ಎಸ್‌ಎಂಎಸ್ ಓಟಿಪಿಗಿಂತ, ಮೊಬೈಲ್‌ನೊಳಗೇ ಲಾಗಿನ್ ಕೋಡ್ ಹುಟ್ಟಿಸುವ ಅಥೆಂಟಿಕೇಟರ್ ಆಪ್ ಮೇಲು. ನಿಮ್ಮ ಹೆಸರಲ್ಲಿ ಬೇರೆಯವರು ಸಿಮ್ ತೆಗೆದುಕೊಂಡರೂ ಆ ಕೋಡ್ ಅವರಿಗೆ ಸಿಗದು. ಮಳೆಗೆ ಟವರ್ ಹೋದ ದಿನವೂ ಅದು ಕೋಡ್ ತೋರಿಸುತ್ತದೆ. ಮೊಬೈಲ್ ಕಳೆದರೆ ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನು ಮೊಬೈಲ್‌ನಿಂದ ಹೊರಗೆ ಬರೆದಿಡಿ.

ಇನ್ನು ಹೆಂಡತಿಗೆ ಹೇಳುವ ವಿಷಯ. ಇವತ್ತು ರಾತ್ರಿಯೇ ಹೇಳಿ. ಬೈಯಬಹುದು, ಬೈಯಲಿ. ಮೆಣಸಿನ ದುಡ್ಡು ಅವರದ್ದೂ ಹೌದಲ್ವಾ? ನಿಮಗೇನಾದರೂ ಆದರೆ ಆ ತಗಡು ಏನು, ಇನ್ನೊಂದು ಎಲ್ಲಿದೆ, ಯಾರಿಗೆ ತೋರಿಸಬಾರದು ಎಂದು ಗೊತ್ತಿರಬೇಕಾದವರು ಅವರೇ. ಠಾಣೆಗೆ ಹೋಗುವಾಗಲೂ ಜೊತೆಗೆ ಕರೆದುಕೊಂಡು ಹೋಗಿ.