ಕಡಲು ರಾಜ್ಯದ್ದೋ ಕೇಂದ್ರದ್ದೋ?

ಪ್ರಶ್ನೆ: ನನ್ನದು ಮಲ್ಪೆಯಲ್ಲಿ ಟ್ರಾಲ್ ಬೋಟ್. ರಾತ್ರಿ ಬೆಳಕು ಹಾಯಿಸಿ ಮೀನು ಹಿಡಿಯುವವರ ಮೇಲೆ ದೂರು ಕೊಡಲು ಹೋದೆ. ಒಂದು ಕಚೇರಿಯಲ್ಲಿ ‘ಅದು ಕೇಂದ್ರಕ್ಕೆ ಸೇರಿದ್ದು’ ಎಂದರು. ಇನ್ನೊಂದು ಕಡೆ ‘ಮೀನುಗಾರಿಕೆ ರಾಜ್ಯದ ವಿಷಯ’ ಎಂದು ವಾಪಸ್ ಕಳಿಸಿದರು. ಯಾವುದು ಸರಿ, ಸರ್?

ಉತ್ತರ: ಇಬ್ಬರು ಹೇಳಿದ್ದೂ ಸುಳ್ಳಲ್ಲ. ಆದರೆ ಇಬ್ಬರೂ ನಿಮ್ಮನ್ನು ಮೊದಲು ಒಂದು ಮಾತು ಕೇಳಬೇಕಿತ್ತು: ಆ ಬೋಟ್ ದಡದಿಂದ ಎಷ್ಟು ದೂರ ಇತ್ತು?

ಯಾವ ವಿಷಯಕ್ಕೆ ಯಾರು ಕಾನೂನು ಮಾಡಬೇಕು ಎಂದು ಸಂವಿಧಾನದ 7ನೇ ಅನುಸೂಚಿ ಮೂರು ಪಟ್ಟಿ ಕೊಡುತ್ತದೆ: ಕೇಂದ್ರ, ರಾಜ್ಯ ಮತ್ತು ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿ. ರಾಜ್ಯ ಪಟ್ಟಿಯ 21ನೇ ನಮೂದು ಮೀನುಗಾರಿಕೆ. ಆದರೆ ಕೇಂದ್ರ ಪಟ್ಟಿಯ 57ನೇ ನಮೂದು ಪ್ರಾದೇಶಿಕ ಜಲದಾಚೆಗಿನ ಮೀನುಗಾರಿಕೆಯನ್ನು ಕೇಂದ್ರಕ್ಕೆ ಕೊಟ್ಟಿದೆ. ಪ್ರಾದೇಶಿಕ ಜಲದ ಗಡಿ ಇರುವುದು ದಡದಿಂದ 12 ನಾಟಿಕಲ್ ಮೈಲಿನಲ್ಲಿ, ಅಂದರೆ ಸುಮಾರು 22 ಕಿ.ಮೀ. ಅದರೊಳಗೆ ನಡೆಯುವುದು ರಾಜ್ಯದ 1986ರ ಕಡಲ ಮೀನುಗಾರಿಕೆ ಕಾಯ್ದೆ. ಅಲ್ಲಿಂದಾಚೆ 200 ನಾಟಿಕಲ್ ಮೈಲಿನವರೆಗೆ ಕೇಂದ್ರದ ಮಾತು.

ನೀರಿಗೆ ಬೇಲಿ ಇಲ್ಲ, ಬಂಗುಡೆ ಮೀನಿಗೆ ಗಡಿ ಗೊತ್ತಿಲ್ಲ. ಹಾಗಾಗಿ ಎರಡೂ ಸರ್ಕಾರ ಒಟ್ಟಿಗೆ ಹೋಗದಿದ್ದರೆ ಕಾನೂನೇ ನಿಲ್ಲುವುದಿಲ್ಲ. ಮಳೆಗಾಲದ ರಜೆಯನ್ನೇ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟುಗಳು ಧಕ್ಕೆಯಲ್ಲೇ ಇರುತ್ತವೆ ಅಲ್ವಾ? ಅದರ ಹಿಂದೆ ಎರಡು ಆದೇಶ ಇವೆ. ಒಳಗಿನ ನೀರಿಗೆ ರಾಜ್ಯದ್ದು, ಹೊರಗಿನದಕ್ಕೆ ಕೇಂದ್ರದ್ದು. ಬೆಳಕು ಹಾಯಿಸಿ ಹಿಡಿಯುವುದನ್ನೂ ಕೇಂದ್ರ 2017ರಲ್ಲಿ ತನ್ನ ವ್ಯಾಪ್ತಿಯಲ್ಲಿ ನಿಷೇಧಿಸಿತು. ರಾಜ್ಯದ ನೀರಿನಲ್ಲೂ ಅದಕ್ಕೆ ನಿಷೇಧ ಇದೆ. ಎಂದರೆ ಆ ಬೋಟ್ ಎಲ್ಲಿದ್ದರೂ ತಪ್ಪೇ. ಯಾರು ಹಿಡಿಯಬೇಕು ಎನ್ನುವುದಷ್ಟೇ ಬೇರೆ.

ಬಂದರುಗಳದ್ದೂ ಹೀಗೇ. ಪಣಂಬೂರಿನ ನವಮಂಗಳೂರು ಬಂದರು ‘ಪ್ರಮುಖ ಬಂದರು’, ಅದು ಕೇಂದ್ರದ್ದು. ಮಲ್ಪೆ ಮತ್ತು ಮಂಗಳೂರಿನ ಹಳೆ ಬಂದರು ಆ ಸಾಲಿಗೆ ಸೇರಿಲ್ಲ, ಅವನ್ನು ರಾಜ್ಯ ನೋಡಿಕೊಳ್ಳುತ್ತದೆ. ಬೋಟಿನ ಡೀಸೆಲ್ ಮೇಲಿನ ತೆರಿಗೆಯೂ ಹೀಗೇ: ರಾಜ್ಯ ಬಿಟ್ಟುಕೊಡಬಹುದಾದದ್ದು ತನ್ನ ಮಾರಾಟ ತೆರಿಗೆ ಮಾತ್ರ, ಅಬಕಾರಿ ಸುಂಕ ಕೇಂದ್ರದ ಕೈಯಲ್ಲಿದೆ.

ಇನ್ನು ನಿಮ್ಮ ದೂರು. ಅದನ್ನು ತೆಗೆದುಕೊಂಡು ತಾವೇ ಸರಿಯಾದ ಕಚೇರಿಗೆ ಕಳಿಸಬಹುದಿತ್ತು. ನಿಮ್ಮನ್ನು ಸುಮ್ನೆ ಅಲೆದಾಡಿಸಿದ್ದು ನನಗೆ ಬೇಸರ ತಂದಿತು. ಮುಂದಿನ ಸಲ ಆ ಬೆಳಕು ಕಂಡ ಕೂಡಲೇ ವೀಲ್‌ಹೌಸಿನಲ್ಲಿರುವ ಜಿಪಿಎಸ್ ಪರದೆಯ ಫೋಟೊ ತೆಗೆಯಿರಿ. ಅದರಲ್ಲಿ ಅಕ್ಷಾಂಶ, ರೇಖಾಂಶ ಮತ್ತು ಸಮಯ ಸ್ಪಷ್ಟವಾಗಿ ಕಾಣಬೇಕು. ಆ ಬೋಟಿನ ನೋಂದಣಿ ಸಂಖ್ಯೆ ಓದಲು ಸಿಕ್ಕರೆ ಬರೆದಿಟ್ಟುಕೊಳ್ಳಿ. 12 ಮೈಲಿನೊಳಗಾದರೆ ಮೀನುಗಾರಿಕೆ ಇಲಾಖೆ ಮತ್ತು ಕರಾವಳಿ ಕಾವಲು ಪೊಲೀಸರಿಗೆ ದೂರು ಕೊಡಿ, ಆಚೆಯಾದರೆ ಕೇಂದ್ರದ ಕೋಸ್ಟ್ ಗಾರ್ಡ್‌ಗೆ. ಗಡಿಯ ಹತ್ತಿರ ಇದ್ದು ಅನುಮಾನ ಬಂದರೆ ಒಂದೇ ದೂರಿನ ಪ್ರತಿಯನ್ನು ಎರಡೂ ಕಡೆ ಕೊಟ್ಟು, ಸೀಲ್ ಹಾಕಿಸಿಕೊಂಡೇ ಬನ್ನಿ.