ಎರಡು ದಿನದ ಸೇವಾ ಟ್ರಿಪ್: ಬಸ್ಸಿಗೆ ಮುಂಚೆ ಅರ್ಜಿ ಬರೆಯುವವನನ್ನು ಹುಡುಕಿ

ನಿಮ್ಮ ಪ್ರಶ್ನೆ ಇಷ್ಟು: ಹಾಸನದ ನಿಮ್ಮ ಚರ್ಚಿನ ಯುವಕರ ಗುಂಪಿನಲ್ಲಿ 25 ಜನ ಇದ್ದೀರಿ. 60 ಸಾವಿರ ರೂಪಾಯಿ ಕೂಡಿಸಿದ್ದೀರಿ. ಡಿಸೆಂಬರ್‌ನಲ್ಲಿ ಎರಡು ದಿನ ಮೂಡಿಗೆರೆ ಕಡೆಯ ಯಾವುದಾದರೂ ಹಳ್ಳಿಗೆ ಹೋಗಿ ಕಷ್ಟದಲ್ಲಿರುವವರಿಗೆ ಸಹಾಯ ಮಾಡಬೇಕು ಅಂತಿದ್ದೀರಿ. ಇದರಿಂದ ಅಲ್ಲಿಯವರಿಗೆ ನಿಜವಾಗಿ ಉಪಯೋಗ ಆಗುತ್ತಾ, ಇಲ್ಲಾ ಪಿಕ್ನಿಕ್ ಆಗಿಬಿಡುತ್ತಾ ಅಂತ ಕೇಳಿದ್ದೀರಿ.

ನಾನು ಚಿಕ್ಕಮಗಳೂರಿನವನು. ಹನ್ನೊಂದು ವರ್ಷ ನಮ್ಮ ಚರ್ಚಿನ ಯುವಕರ ಗುಂಪಿನಲ್ಲಿದ್ದೆ, ಅದರಲ್ಲಿ ನಾಲ್ಕು ವರ್ಷ ಅಧ್ಯಕ್ಷ. ಈಗ ಮದುವೆಯಾಗಿ, ಹೊಟ್ಟೆ ಬಂದು, ಗುಂಪಿನಿಂದ ರಿಟೈರ್ ಆಗಿದ್ದೇನೆ. ನೀವು ಬರೆದಿರುವ ಪ್ಲ್ಯಾನ್ ಹಾಗೇ ನಡೆದರೆ ಪಿಕ್ನಿಕ್ ಆಗುವ ಸಾಧ್ಯತೆಯೇ ಜಾಸ್ತಿ. ಪಿಕ್ನಿಕ್ಕೇ ಬೇಕಿದ್ದರೆ ನಿಮಗೆ ಶೆಟ್ಟಿಹಳ್ಳಿ ಹತ್ತಿರದಲ್ಲೇ ಇದೆ, ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಏಳುವ ಆ ಹಳೇ ಚರ್ಚು ನೋಡಿಕೊಂಡು ಸಂಜೆಗೆ ಮನೆ ಸೇರಬಹುದು. ಬೇಡ ಅನ್ನುವುದಾದರೆ ನಾವು ಎಲ್ಲೆಲ್ಲಿ ಎಡವಿದೆವು ಅನ್ನುವುದನ್ನು ಕೇಳಿ.

2019ರ ಆಗಸ್ಟ್ ನಿಮಗೆ ನೆನಪಿರಬಹುದು. ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಜರಿಯಿತು, ಚಾರ್ಮಾಡಿ ಘಾಟಿ ಮುಚ್ಚಿತು, ಮಲೆಮನೆಯಂಥ ಊರುಗಳಲ್ಲಿ ಮನೆ, ಗದ್ದೆ, ತೋಟ ಎಲ್ಲ ಹೋಯಿತು. ನಮ್ಮ ಗುಂಪಿನ ವಾಟ್ಸಾಪ್‌ನಲ್ಲಿ ಒಂದೇ ಸಮನೆ ಮೆಸೇಜು. ಎರಡು ದಿನದಲ್ಲಿ ಒಂದು ಲಾರಿ ತುಂಬ ಹಳೇ ಬಟ್ಟೆ ಸೇರಿತು. ಮಳೆ ಸ್ವಲ್ಪ ಬಿಟ್ಟ ಮೇಲೆ ಮೂವತ್ತು ಜನ ಹೊರಟೆವು. ದಾರಿಯುದ್ದಕ್ಕೂ ಹಾಡು ಬೇರೆ.

ಅಲ್ಲಿ ಹೋಗಿ ನೋಡಿದರೆ ಪರಿಹಾರ ಕೇಂದ್ರ ಮಾಡಿದ್ದ ಶಾಲೆಯ ಜಗಲಿಯಲ್ಲಿ ಆಗಲೇ ಎದೆಯೆತ್ತರ ಬಟ್ಟೆ ಬಿದ್ದಿತ್ತು. ನಮಗಿಂತ ಮುಂಚೆ ಬಂದವರೆಲ್ಲ ತಂದಿದ್ದು ಅದನ್ನೇ. ಅರ್ಧಕ್ಕರ್ಧ ನೆನೆದು ವಾಸನೆ ಹೊಡೆಯುತ್ತಿತ್ತು. ನಮ್ಮ ಮೂಟೆ ಬಿಚ್ಚಿದಾಗ ಮೊದಲು ಹೊರಗೆ ಬಂದದ್ದು ಯಾರದೋ ಮದುವೆ ಸೂಟಿನ ಕೋಟು. ಮನೆ ಕಳೆದುಕೊಂಡು ಕೂತ ಒಬ್ಬ ಯಜಮಾನರು ಅದನ್ನು ನೋಡಿ ನಕ್ಕರು. ಆ ನಗು ನನಗೆ ಈಗಲೂ ಮರೆತಿಲ್ಲ. ಆಮೇಲೆ ಆ ಬಟ್ಟೆ ಗುಡ್ಡೆಯನ್ನು ವಿಂಗಡಿಸಿ, ಹಾಳಾದದ್ದನ್ನು ಸಾಗಿಸುವ ಕೆಲಸವೂ ಊರಿನವರ ತಲೆಗೇ ಬಂತು. ಸಹಾಯ ಮಾಡಲು ಹೋಗಿ ಅವರಿಗೊಂದು ಕೆಲಸ ಹಚ್ಚಿ ಬಂದೆವು.

ಆದರೆ ಆ ದಿನ ಒಂದು ಒಳ್ಳೆಯದೂ ಆಯಿತು, ಅದು ನಾವು ಪ್ಲ್ಯಾನ್ ಮಾಡಿದ್ದಲ್ಲ. ನಮ್ಮ ಗುಂಪಿನಲ್ಲಿ ಒಬ್ಬ ಹುಡುಗ ಇದ್ದ. ಪೇಟೆಯ ಸೈಬರ್ ಸೆಂಟರಿನಲ್ಲಿ ಕೆಲಸ. ಹಾಡುವುದಿಲ್ಲ, ಭಾಷಣ ಮಾಡುವುದಿಲ್ಲ, ಗುಂಪಿನ ಫೋಟೋಗಳಲ್ಲಿ ಹುಡುಕಿದರೆ ಮೂಲೆಯಲ್ಲಿ ಅರ್ಧ ಮುಖ ಸಿಗುತ್ತೆ. ಒಬ್ಬ ಅಜ್ಜಿ ಅವನ ಹತ್ತಿರ ಬಂದು, "ಮರಿ, ಪಾಸ್‌ಬುಕ್ಕು, ಆಧಾರು ಎಲ್ಲಾ ಮಣ್ಣಡಿ ಹೋಯ್ತು, ಪರಿಹಾರಕ್ಕೆ ಕೇಳಿದ್ರೆ ಅದನ್ನೇ ತನ್ನಿ ಅಂತಾರೆ, ಏನ್ ಮಾಡ್ಲಿ?" ಅಂದರು. ಆಗ ಸರ್ಕಾರ ತುರ್ತು ಪರಿಹಾರ ಅಂತ ಕುಟುಂಬಕ್ಕೆ 10 ಸಾವಿರ, ಪೂರ್ತಿ ಬಿದ್ದ ಮನೆ ಕಟ್ಟಲು 5 ಲಕ್ಷ ಘೋಷಿಸಿತ್ತು. ದುಡ್ಡು ಬರುವುದು ಬ್ಯಾಂಕ್ ಖಾತೆಗೆ. ಖಾತೆ ನಂಬರೇ ಕೈಯಲ್ಲಿಲ್ಲದವರು ಎಷ್ಟೋ ಜನ.

ಅವನು ಬೆಂಚು ಎಳೆದುಕೊಂಡು ಕೂತ. ಯಾವ ಬ್ಯಾಂಕು, ಯಾವ ಶಾಖೆ, ಮೊಬೈಲ್ ನಂಬರ್ ಯಾವುದು ಲಿಂಕ್ ಆಗಿತ್ತು ಅಂತ ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡ. ಆಧಾರ್ ಮತ್ತೆ ತೆಗೆಸಲು ಏನು ಮಾಡಬೇಕು, ರೇಷನ್ ಕಾರ್ಡಿನ ನಕಲು ಎಲ್ಲಿ, ಪಹಣಿ ಎಲ್ಲಿ, ನಾಡಕಚೇರಿಯಲ್ಲಿ ಯಾವ ಅರ್ಜಿ ಅಂತ ಹಾಳೆಯ ಮೇಲೆ ಬರೆದುಕೊಟ್ಟ. ಸಂಜೆಯೊಳಗೆ ಹತ್ತೊಂಬತ್ತು ಅರ್ಜಿ. ಉಳಿದ ಇಪ್ಪತ್ತೊಂಬತ್ತು ಜನ ನಾವು ಸುಮ್ನೆ ಬಿಸ್ಕತ್ತು ಹಂಚುತ್ತಿದ್ದೆವು.

ಮೂರು ವಾರದ ನಂತರ ಮತ್ತೆ ಹೋದಾಗ ಅದೇ ಅಜ್ಜಿ ಕೇಳಿದ ಮೊದಲ ಮಾತು: "ಆ ಅರ್ಜಿ ಬರೆಯೋ ಹುಡುಗ ಬರ್ಲಿಲ್ವಾ?"

ಅಧ್ಯಕ್ಷನಾಗಿದ್ದ ನನ್ನ ಮುಖ ಅವರಿಗೆ ನೆನಪೇ ಇರಲಿಲ್ಲ!

ಅದಕ್ಕೇ ಮೊದಲ ಮಾತು. 25 ಜನ ಅನ್ನುವ ಲೆಕ್ಕ ಬಿಡಿ. ಆ 25 ಜನರಲ್ಲಿ ಯಾರಿಗೆ ಏನು ಬರುತ್ತೆ ಅಂತ ಪಟ್ಟಿ ಮಾಡಿ. ವೈರಿಂಗ್ ಗೊತ್ತಿರುವವನು ಇದ್ದಾನಾ? ನರ್ಸಿಂಗ್ ಓದುತ್ತಿರುವ ಹುಡುಗಿಯರು ಇದ್ದಾರಾ? ಗಾರೆ ಕೆಲಸ, ಪ್ಲಂಬಿಂಗ್, ಹೊಲಿಗೆ? ಕಂಪ್ಯೂಟರಿನಲ್ಲಿ ಅರ್ಜಿ ಹಾಕುವವರು? ವೃದ್ಧಾಪ್ಯ ವೇತನ, ವಿಧವಾ ವೇತನ ಬರಬೇಕಾದವರಿಗೆ ಬರದೇ ಇರುವುದು, ಬರುತ್ತಿದ್ದದ್ದು ನಿಂತು ಹೋಗಿರುವುದು ನಮ್ಮ ಹಳ್ಳಿಗಳಲ್ಲಿ ಎಷ್ಟಿದೆ ಅಂತ ಕೂತು ಕೇಳಿದರೆ ಗೊತ್ತಾಗುತ್ತೆ. ಅಂಥ ಒಂದು ಅರ್ಜಿ ಸರಿಯಾದರೆ ತಿಂಗಳು ತಿಂಗಳು ದುಡ್ಡು ಬರುತ್ತೆ. ನೀವು ಕೊಡುವ ಅಕ್ಕಿ ಎಷ್ಟು ದಿನ ಬಂದೀತು?

ಇನ್ನೊಂದು ತಪ್ಪು ಹೇಳುತ್ತೇನೆ. ಇದು ಹೇಳಲು ಸ್ವಲ್ಪ ನಾಚಿಕೆ. ಒಂದು ವರ್ಷ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಒಂದು ಕಾಫಿ ತೋಟದ ಕೂಲಿ ಲೈನಿಗೆ (ಕೆಲಸದವರ ಸಾಲುಮನೆಗಳಿಗೆ) ಹೋಗಿ ಹನ್ನೆರಡು ಮನೆಗೆ ಸುಣ್ಣ ಬಳಿದೆವು. ಒಳ್ಳೇ ಉತ್ಸಾಹ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರು ಮುಂದೆ ನಿಂತು ಮಾಡಿಸಿದರು, ಮಾಲೀಕರ ಮನೆಯಿಂದ ಇಡ್ಲಿ ಕಾಫಿ ಬಂತು. ಹೊರಡುವಾಗ ಲೈನಿನ ಒಬ್ಬ ಹೆಂಗಸು ನಮ್ಮ ಹುಡುಗಿಯರಿಗೆ ಹೇಳಿದಳಂತೆ, "ಗೋಡೆ ಬೆಳ್ಳಗಾಯ್ತು, ಹೆಂಚು ಸೋರೋದು ಹಾಗೇ ಇದೆ." ವಾಪಸ್ ಬರುವಾಗ ಜೀಪಿನಲ್ಲಿ ಮಾತು ಶುರುವಾಯಿತು. ಆ ಮನೆಗಳು ಯಾರವು? ತೋಟದವು. ದೊಡ್ಡ ತೋಟಗಳಲ್ಲಿ ಕೆಲಸದವರಿಗೆ ವಾಸಕ್ಕೆ ಯೋಗ್ಯವಾದ ಮನೆ ಕೊಡುವುದು ಮಾಲೀಕರ ಜವಾಬ್ದಾರಿ ಅಂತ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಅಂದರೆ ನಾವು ಎರಡು ದಿನ ಉಪವಾಸ ಮಾಡಿಕೊಂಡು ದುಡಿದು ಉಳಿಸಿದ್ದು ಮಾಲೀಕರ ಸುಣ್ಣದ ಖರ್ಚು! ಎಲ್ಲ ಮಾಲೀಕರೂ ಕೆಟ್ಟವರು ಅಂತಲ್ಲ. ಲೈನಿಗೆ ಹೋಗುವುದಾದರೆ ಮಾಲೀಕರು ಮಾಡಬೇಕಾದ್ದನ್ನು ನೀವು ಮಾಡಬೇಡಿ ಅಷ್ಟೇ. ಅಲ್ಲಿನ ಮಕ್ಕಳು ಶಾಲೆಗೆ ಸೇರಿದ್ದಾರಾ ನೋಡಿ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರ ಮಕ್ಕಳಿಗೆ ಕನ್ನಡ ಬರುವುದಿಲ್ಲ, ಶಾಲೆಯಲ್ಲಿ ಬಾಯಿ ಬಿಡದೆ ಕೂತಿರುತ್ತವೆ. ಅವರಿಗೆ ಭಾನುವಾರ ಭಾನುವಾರ ಒಂದು ಗಂಟೆ ಕನ್ನಡ ಹೇಳಿಕೊಡುವುದು ಹತ್ತಿರದ ಊರಿನ ನಾಲ್ಕು ಹುಡುಗಿಯರಿಂದ ಆಗುವ ಕೆಲಸ. ಅದಕ್ಕೆ ಬಸ್ಸೂ ಬೇಡ.

ಈಗ ನಿಮ್ಮ ಡಿಸೆಂಬರ್ ವಿಷಯ. ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲು. ಹಣ್ಣು ಕುಯ್ಯುವವರಿಗೆ ಕೂಲಿ ಹೆಚ್ಚಾಗಿ ಕೆ.ಜಿ. ಲೆಕ್ಕದಲ್ಲಿ. ಬೆಳಗ್ಗೆ ಹೋದವರು ಸಂಜೆ ಕಣದಲ್ಲಿ ತೂಕ ಹಾಕಿಸಿಯೇ ಮನೆಗೆ ಬರುವುದು. ಶನಿವಾರ ನೀವು ಹೋದರೆ ಮನೆಯಲ್ಲಿ ಸಿಗುವುದು ಮುದುಕರು ಮತ್ತು ಕೋಳಿಗಳು. ಭಾನುವಾರ ಅವರಿಗೆ ಬಟ್ಟೆ ಒಗೆಯುವ ದಿನ, ಸಂತೆಯ ದಿನ. ನಿಮ್ಮ ಜೊತೆ ಕೂತು ಕಷ್ಟ ಹೇಳಿಕೊಳ್ಳಲು ಪುರುಸೊತ್ತು ಎಲ್ಲಿದೆ? ಜನವರಿಯಲ್ಲಿ ರೋಬಸ್ಟಾ ಶುರುವಾಗಿ ಇನ್ನೂ ಎರಡು ತಿಂಗಳು ಎಳೆಯುತ್ತೆ. ಕೈಗೆಲಸ ಮಾಡುವುದಿದ್ದರೆ ಏಪ್ರಿಲ್, ಮೇ ಒಳ್ಳೆಯದು. ಕೊಯ್ಲು ಮುಗಿದಿರುತ್ತೆ, ಮುಂಗಾರು ಬಂದಿರುವುದಿಲ್ಲ. ಒಂಟಿ ಅಜ್ಜಿಯರ ಮನೆಯ ಒಡೆದ ಹೆಂಚು ಬದಲಾಯಿಸುವುದು, ಟಾರ್ಪಾಲು ಕಟ್ಟುವುದು, ಚರಂಡಿ ಬಿಡಿಸುವುದು ಎಲ್ಲ ಆಗಲೇ ಆಗಬೇಕು. ಜೂನ್ ಬಂದ ಮೇಲೆ ಹೆಂಚಿನ ಮೇಲೆ ಹತ್ತಲು ಆಗುವುದಿಲ್ಲ. ಒಂದು ಎಚ್ಚರಿಕೆ. ಬೇಸಿಗೆಯಲ್ಲಿ ಎನ್.ಆರ್.ಪುರ, ಕೊಪ್ಪ, ಶೃಂಗೇರಿ ಕಡೆ ಮಂಗನ ಕಾಯಿಲೆ ಕಾಣಿಸಿಕೊಳ್ಳುತ್ತೆ, ಉಣುಗು ಕಚ್ಚಿ ಬರುವಂಥದ್ದು. ಕೆಲಸ ಮುಗಿಸಿ ಕಾಡೊಳಗೆ ಸುತ್ತಾಡಲು ಹೊರಡಬೇಡಿ. ಅಲ್ಲಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಆ ವರ್ಷದ ಸ್ಥಿತಿ ಹೇಳುತ್ತಾರೆ, ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೀಪಾ ಎಣ್ಣೆಯ ವಿಷಯವನ್ನೂ ಹೇಳುತ್ತಾರೆ.

ಕ್ರಿಸ್ಮಸ್ ವಾರದಲ್ಲೇ ಏನಾದರೂ ಮಾಡಲೇಬೇಕು ಅಂದರೆ, ದಯವಿಟ್ಟು ವೃದ್ಧಾಶ್ರಮಕ್ಕೆ ಕೇಕ್ ತಗೊಂಡು ಹೋಗಬೇಡಿ. ಊರಿನ ಎಲ್ಲ ಗುಂಪುಗಳೂ ಆ ವಾರ ಅಲ್ಲೇ ಇರುತ್ತವೆ. ಒಮ್ಮೆ ಒಂದೇ ದಿನ ನಾಲ್ಕನೇ ಕೇಕ್ ನಮ್ಮದಾಗಿತ್ತು. ಅಲ್ಲಿದ್ದ ಮುಕ್ಕಾಲು ಜನಕ್ಕೆ ಶುಗರ್. ಸಿಸ್ಟರ್ ನಗುತ್ತಲೇ ತೆಗೆದುಕೊಂಡು, "ಫೆಬ್ರವರಿಯಲ್ಲಿ ಬನ್ನಿ, ಆಗ ಯಾರೂ ಬರಲ್ಲ" ಅಂದರು. ಫೆಬ್ರವರಿಯಲ್ಲಿ ಹೋದೆವು. ಕಾಲಿನ ಉಗುರು ಕತ್ತರಿಸಿದೆವು, ಹಾಸಿಗೆ ಬಿಸಿಲಿಗೆ ಹಾಕಿದೆವು. ಫೋಟೋಗೆ ಏನೂ ಚೆನ್ನಾಗಿರಲಿಲ್ಲ.

ಫೋಟೋ ಅಂದೆನಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತ ಭಾನುವಾರ ಕೇಳಿಸಿಕೊಂಡು, ಸೋಮವಾರ ಬಿಸ್ಕತ್ತು ಪೊಟ್ಟಣ ಹಿಡಿದ ಮಗುವಿನ ಫೋಟೋ ಸ್ಟೇಟಸ್ ಹಾಕುತ್ತೇವೆ. ನಾವೂ ಹಾಕಿದ್ದೇವೆ. ದುಡ್ಡು ಕೊಟ್ಟವರಿಗೆ ಲೆಕ್ಕ ತೋರಿಸಬೇಕು, ಸರಿ. ಸರಿಮಾಡಿದ ಸೂರಿನ ಫೋಟೋ ತೋರಿಸಿ, ಮುಖ ಯಾಕೆ?

ಧರ್ಮದ ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತು. ಅದರಲ್ಲಿ ಆಮಿಷ ಅನ್ನುವ ಪದದೊಳಗೆ ಉಡುಗೊರೆ, ದುಡ್ಡು, ವಸ್ತು ಎಲ್ಲ ಸೇರಿದೆ. ಕಾನೂನಿನ ಭಯ ಒಂದು ಕಡೆ ಇರಲಿ, ಜನರ ಅನುಮಾನ ಅದಕ್ಕಿಂತ ಹಳೇದು. ಒಮ್ಮೆ ನಾವು ಬಾವಿ ಕೆಸರು ಎತ್ತುತ್ತಿದ್ದಾಗ ಎರಡು ಬೈಕಿನಲ್ಲಿ ನಾಲ್ಕು ಜನ ಬಂದು, "ಏನ್ ಹಂಚ್ತಾ ಇದ್ದೀರಿ ಇಲ್ಲಿ?" ಅಂತ ಜೋರು ಮಾಡಿದರು. ನಾವು ಬಾಯಿ ಬಿಡುವ ಮುಂಚೆಯೇ ನಮ್ಮನ್ನು ಕರೆಸಿದ್ದ ಪಂಚಾಯ್ತಿ ಮೆಂಬರು, "ಕೆಸರು ಹಂಚ್ತಾ ಇದ್ದಾರೆ, ನಿಮಗೂ ಒಂದು ಬುಟ್ಟಿ ಬೇಕಾ?" ಅಂದರು. ಬಂದವರಲ್ಲಿ ಒಬ್ಬ ನಕ್ಕ, ಅಲ್ಲಿಗೆ ಮುಗಿಯಿತು. ಆ ಮೆಂಬರು ಇಲ್ಲದೇ ಇದ್ದಿದ್ದರೆ ಹಾಗೆ ಮುಗಿಯುತ್ತಿತ್ತು ಅಂತ ನನಗೆ ಅನಿಸುವುದಿಲ್ಲ. ಆದ್ದರಿಂದ ಊರಿನವರು ಕರೆಯದೆ ಹೋಗಬೇಡಿ. ಪಂಚಾಯ್ತಿಗೂ ಠಾಣೆಗೂ ಮುಂಚೆಯೇ ಒಂದು ಪತ್ರ ಕೊಡಿ. ನಿಮ್ಮ ಪ್ರಾರ್ಥನೆ ನಿಮ್ಮ ಬಿಡಾರದಲ್ಲಿ ಇರಲಿ, ಕೈಪತ್ರ ಗಿಪತ್ರ ಬ್ಯಾಗಿನಲ್ಲೂ ಬೇಡ. ಸಹಾಯ ಪಡೆಯುವವರು ನಮ್ಮ ದೇವರಿಗೆ ಸಾಲಗಾರರಾಗಬೇಕು ಅಂತ ನಮ್ಮ ಮನಸ್ಸಿನ ಮೂಲೆಯಲ್ಲೂ ಇರಬಾರದು ಅನ್ನುವುದು ನನ್ನ ಅಭಿಪ್ರಾಯ, ಇದನ್ನು ಒಪ್ಪದವರು ನಮ್ಮ ಗುಂಪಿನಲ್ಲೂ ಇದ್ದರು.

ಮೈಸೂರು ಸೀಮೆಯಲ್ಲಿ ಇದಕ್ಕೆ ಹಳೇ ಉದಾಹರಣೆ ಇದೆ. ಅಬ್ಬೆ ದ್ಯುಬುವಾ ಅಂತ ಫ್ರೆಂಚ್ ಪಾದ್ರಿ, 1792ರಲ್ಲಿ ಭಾರತಕ್ಕೆ ಬಂದು 1823ರವರೆಗೆ ಇದ್ದವರು. ಜನ ದೊಡ್ಡ ಸ್ವಾಮಿಯವರು ಅಂತ ಕರೆಯುತ್ತಿದ್ದರು. 1803-04ರಲ್ಲಿ ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸ ಹಿಡಿದು 25 ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಿಸಿದರು. ಅಷ್ಟು ವರ್ಷ ಇಲ್ಲಿಯವರ ಹಾಗೇ ಉಟ್ಟು, ಉಂಡು, ಜೊತೆಗೆ ಬದುಕಿದ್ದಕ್ಕೆ ಜನ ತೋಳು ಚಾಚಿದ್ದು. ನಮ್ಮದು ಎರಡು ದಿನ!

ಹಾಗಂತ ಎರಡು ದಿನದಿಂದ ಏನೂ ಆಗಲ್ಲ ಅಂತಲ್ಲ. ಅದೇ ಊರಿಗೆ ಮತ್ತೆ ಮತ್ತೆ ಹೋದರೆ ಆಗುತ್ತೆ. ವರ್ಷಕ್ಕೊಂದು ಹೊಸ ಊರು ಹುಡುಕುವುದು ನಮ್ಮ ಖುಷಿಗೆ. ಮಳೆ ಬಂದ ಆ ಊರಿಗೆ ನಾವು ನಾಲ್ಕು ವರ್ಷದಲ್ಲಿ ಒಂಬತ್ತು ಸಲ ಹೋದೆವು. ಮೊದಲ ಸಲ ಮೂವತ್ತು ಜನ, ಕೊನೇ ಸಲ ಆರು. ಜನ ಕಡಿಮೆಯಾದಷ್ಟೂ ಕೆಲಸ ಜಾಸ್ತಿ ಆಯಿತು ಅನ್ನುವುದು ನಿಜ. ಮನೆ ಕಟ್ಟುವ ದುಡ್ಡು ಕಂತಿನಲ್ಲಿ ಬರುತ್ತಿತ್ತು. ತಳಪಾಯ ಆದ ಮೇಲೆ ಫೋಟೋ ಆಗಬೇಕು, ಆಮೇಲೆ ಮುಂದಿನ ಕಂತು. ಯಾರದ್ದು ಎಲ್ಲಿ ನಿಂತಿದೆ ಅಂತ ನಮ್ಮ ಸೈಬರ್ ಹುಡುಗನ ನೋಟ್‌ಬುಕ್ಕಿನಲ್ಲಿ ಇರುತ್ತಿತ್ತು.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಬಸ್ ಬುಕ್ ಮಾಡುವುದಿಲ್ಲ. ಟೀ ಶರ್ಟ್ ಮಾಡಿಸುವುದಿಲ್ಲ (ನೀವು ಹೇಳಿಲ್ಲ, ಆದರೆ ಯಾರೋ ಒಬ್ಬರು ಹೇಳಿಯೇ ಇರುತ್ತಾರೆ). ನಿಮ್ಮ ಚರ್ಚಿನಲ್ಲಿ ವಿನ್ಸೆಂಟ್ ಡಿ ಪಾಲ್ ಸಭೆಯ ಹಿರಿಯರು ಇದ್ದರೆ ಅವರ ಜೊತೆ ಒಂದು ಸಂಜೆ ಕೂರುತ್ತೇನೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಅದನ್ನು ಶುರು ಮಾಡಿದ ಓಜಾನಾಂಗೆ ಆಗ ಇಪ್ಪತ್ತು ವರ್ಷ, ಕಾಲೇಜು ಹುಡುಗ, ನಿಮ್ಮ ವಯಸ್ಸೇ. ಬಡವರ ಮನೆಗೇ ಹೋಗಿ, ಕೂತು, ಮಾತಾಡಿ ಬರುವುದು ಅವರ ಪದ್ಧತಿ. ಯಾವ ಮನೆಯಲ್ಲಿ ಏನು ಕಷ್ಟ ಅಂತ ಆ ಹಿರಿಯರಿಗೆ ಗೊತ್ತಿರುತ್ತೆ. ಹುಡುಕಿದರೆ ಹಾಸನ ಪೇಟೆಯೊಳಗೇ ನಿಮಗೆ ವರ್ಷದ ಕೆಲಸ ಸಿಕ್ಕರೂ ಸಿಕ್ಕೀತು.

ಮಲೆನಾಡಿಗೇ ಹೋಗಬೇಕು ಅನ್ನುವುದಾದರೆ, ಡಿಸೆಂಬರ್‌ನಲ್ಲಿ ನಾಲ್ಕೇ ಜನ ಸರ್ಕಾರಿ ಬಸ್ಸಿನಲ್ಲಿ ಹೋಗಿ. ಅಲ್ಲಿನ ಫಾದರ್, ಪಂಚಾಯ್ತಿ ಮೆಂಬರು, ಆಶಾ ಕಾರ್ಯಕರ್ತೆ, ಶಾಲೆ ಮೇಷ್ಟ್ರು, ಈ ನಾಲ್ವರ ಹತ್ತಿರ ಬೇರೆ ಬೇರೆಯಾಗಿ ಒಂದೇ ಪ್ರಶ್ನೆ ಕೇಳಿ: ಇಲ್ಲಿ ಯಾರ ಮನೆಯಲ್ಲಿ ಯಾವ ಕೆಲಸ ಬಾಕಿ ಇದೆ? ಎರಡು ಬಾಯಲ್ಲಿ ಒಂದೇ ಮನೆಯ ಹೆಸರು ಬಂದರೆ ಅಲ್ಲಿಂದ ಶುರು ಮಾಡಿ. 60 ಸಾವಿರ ಹಾಗೇ ಇರಲಿ, ಏಪ್ರಿಲ್‌ಗೆ ಹೆಂಚಿಗೆ, ರೀಪಿಗೆ, ಒಬ್ಬ ಒಳ್ಳೇ ಬಡಗಿಯ ಕೂಲಿಗೆ ಬೇಕಾಗುತ್ತೆ. ಹುಡುಗಿಯರೂ ಬರುವುದಾದರೆ ಉಳಿಯುವ ಜಾಗದಲ್ಲಿ ಶೌಚಾಲಯ ಇದೆಯಾ ಅಂತ ಆ ನಾಲ್ವರಲ್ಲಿ ಒಬ್ಬ ಹುಡುಗಿಯೇ ಹೋಗಿ ನೋಡಿಕೊಂಡು ಬರಲಿ. ಹುಡುಗರು "ಇದೆ" ಅಂತ ಹೇಳಿ ಬಂದದ್ದನ್ನು ನಂಬಿ ನಾವು ಒಮ್ಮೆ ಪಟ್ಟ ಪಾಡು ಇಲ್ಲಿ ಬರೆಯುವಂಥದ್ದಲ್ಲ.