ಅಮೆರಿಕದ ಕಾಲೇಜು ಡಿಬೇಟ್‌ನಲ್ಲಿ ಯಾಕೆ ಅಷ್ಟು ಸ್ಪೀಡಾಗಿ ಮಾತಾಡ್ತಾರೆ?

ಯಾಕೆಂದರೆ, ಎದುರಾಳಿಯ ವಾದಕ್ಕೆ ಉತ್ತರ ಕೊಡದಿದ್ದರೆ ನೀವು ಅದನ್ನು ಒಪ್ಪಿಕೊಂಡಿರಿ ಅಂತಲೇ ಅಲ್ಲಿ ಲೆಕ್ಕ.

1947ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಶುರುವಾದ ನ್ಯಾಷನಲ್ ಡಿಬೇಟ್ ಟೂರ್ನಮೆಂಟನ್ನೇ ನೋಡಿ. ತಂಡಕ್ಕೆ ಇಬ್ಬರು. ಒಬ್ಬೊಬ್ಬರಿಗೂ ವಾದ ಮಂಡಿಸಲು 9 ನಿಮಿಷ, ಆಮೇಲೆ ಖಂಡಿಸಲು 6 ನಿಮಿಷ. ತೀರ್ಪುಗಾರರು ಪ್ರತಿ ವಾದವನ್ನೂ ಅದಕ್ಕೆ ಬಂದ ಉತ್ತರವನ್ನೂ ಅಕ್ಕಪಕ್ಕದ ಕಾಲಂಗಳಲ್ಲಿ ಬರೆದುಕೊಳ್ಳುತ್ತಾ ಹೋಗುತ್ತಾರೆ, ಹಾಗಾಗಿ ಯಾವುದಕ್ಕೆ ಉತ್ತರ ಬಂದಿಲ್ಲ ಅನ್ನೋದು ಹಾಳೆಯಲ್ಲೇ ಎದ್ದು ಕಾಣುತ್ತದೆ. ಎದುರಿನವರು ಏಳು ವಾದ ಹೂಡಿ, ನೀವು ಐದಕ್ಕೆ ಮಾತ್ರ ಉತ್ತರಿಸಿದರೆ, ಉಳಿದ ಎರಡರಲ್ಲೇ ನಿಮ್ಮ ಸೋಲು ಇರಬಹುದು. ಒಬ್ಬರು ಸ್ಪೀಡ್ ಹೆಚ್ಚಿಸಿದರೆ ಇನ್ನೊಬ್ಬರೂ ಹೆಚ್ಚಿಸಲೇಬೇಕು, ಅಲ್ವಾ? ಈ ವೇಗಕ್ಕೆ ಅಲ್ಲಿ 'ಸ್ಪ್ರೆಡಿಂಗ್' ಅನ್ನುತ್ತಾರೆ.

ಕೇಳುವವರಿಗೆ ಅರ್ಥ ಆಗುತ್ತಾ? ಆಗುತ್ತದೆ. ತೀರ್ಪುಗಾರರಲ್ಲಿ ಜಾಸ್ತಿ ಜನ ಕೋಚ್‌ಗಳು, ಹಳೆಯ ಸ್ಪರ್ಧಿಗಳು. ಇಡೀ ವರ್ಷ ಒಂದೇ ವಿಷಯದ ಮೇಲೆ ಚರ್ಚೆ ನಡೆಯೋದರಿಂದ ಅದರ ಒಳಹೊರಗು ಅವರಿಗೆ ಗೊತ್ತಿರುತ್ತದೆ.

ಹಾಗಂತ ಸುಮ್ನೆ ಓಡಿದರೆ ಗೆಲ್ಲೋಕಾಗಲ್ಲ. ಕೊನೆಯ ಭಾಷಣದಲ್ಲಿ ಒಳ್ಳೆಯ ಸ್ಪರ್ಧಿ ಹತ್ತಾರು ವಾದ ಕೈಬಿಟ್ಟು, ಒಂದೆರಡನ್ನೇ ಹಿಡಿದು ಯಾಕೆ ತಾನು ಗೆದ್ದೆ ಅಂತ ಬಿಡಿಸಿ ಹೇಳುತ್ತಾನೆ. ನನಗೆ ಆ ಆಟದಲ್ಲಿ ತುಂಬಾ ಇಷ್ಟವಾಗೋದು ಆ 6 ನಿಮಿಷವೇ.